ಕೂಸನ್ನು ಯಾರ ಕೈಗೆ ಕೊಡುವುದು?

ಅಕ್ಕನಿಗೆ ಏಳು ತಿಂಗಳು ತುಂಬಿದಾಗ ಆಸ್ಪತ್ರೆಯವರು ಒಂದು ಫಾರಂ ಕೊಟ್ಟರು. ಹೆಸರು, ವಯಸ್ಸು, ರಕ್ತದ ಗುಂಪು, ವಿಮೆಯ ನಂಬರು ಎಲ್ಲ ತುಂಬಿದ ಮೇಲೆ ಕೊನೆಯಲ್ಲಿ ಒಂದು ಸಾಲು ಖಾಲಿ ಉಳಿಯಿತು: ಮಗುವನ್ನು ನೋಡುವ ಡಾಕ್ಟರ ಹೆಸರು. ಹೆರಿಗೆ ಮಾಡಿಸುವ ಡಾಕ್ಟರನ್ನು ನಾವು ಎರಡು ತಿಂಗಳು ಅಲ್ಲಿ ಇಲ್ಲಿ ವಿಚಾರಿಸಿ ಗೊತ್ತುಮಾಡಿದ್ದೆವು. ಮಗುವಿಗೂ ಒಬ್ಬರು ಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಜ್ಜಿಗಂತೂ ಆ ಪ್ರಶ್ನೆಯೇ ಅಪಶಕುನವಾಗಿ ಕೇಳಿಸಿತು. "ಹುಟ್ಟೋಕೆ ಮುಂಚೇನೇ ಡಾಕ್ಟ್ರ ಹೆಸರು ಬರೀತಾರೇನೇ? ಬಿಡ್ತು ಅನ್ನು" ಎಂದರು.

ನಮ್ಮ ಮನೆಯಲ್ಲಿ ಹೆರಿಗೆಗೆ ಮೊದಲು ತೊಟ್ಟಿಲು ತರುವುದಿಲ್ಲ, ಹೊಸ ಬಟ್ಟೆ ಹೊಲಿಸುವುದಿಲ್ಲ. ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಿಸಿಡುತ್ತಾರೆ, ಅಷ್ಟೆ. ಇದನ್ನು ಮೂಢನಂಬಿಕೆ ಎಂದು ನಗುವುದು ಸುಲಭ. ಆದರೆ ಅಜ್ಜಿ ಹೆತ್ತದ್ದು ಎಂಟು, ಉಳಿದದ್ದು ಐದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 200 ಕೂಸುಗಳು ಮೊದಲ ವರ್ಷ ದಾಟುತ್ತಿರಲಿಲ್ಲ. ಕರ್ನಾಟಕದಲ್ಲಿ 2020ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಆ ಸಂಖ್ಯೆ 19. ಐದರಲ್ಲಿ ಒಂದು ಹೋಗುವ ಕಾಲದಲ್ಲಿ ಬರಲಿರುವ ಕೂಸಿಗಾಗಿ ಏನನ್ನೂ ಸಿದ್ಧಮಾಡದಿರುವುದು ತಾಯಿಯೊಬ್ಬಳು ತನ್ನ ಮನಸ್ಸನ್ನು ಕಾಪಾಡಿಕೊಳ್ಳುವ ದಾರಿಯಾಗಿತ್ತು.

ಹಾಗಾದರೆ ಹುಟ್ಟುವ ಮೊದಲೇ ಕೂಸನ್ನು ನೋಡಿಕೊಳ್ಳುವವರನ್ನು ಆರಿಸುವುದು ಆಸ್ಪತ್ರೆಯ ಫಾರಂ ತಂದ ಹೊಸ ಪದ್ಧತಿಯೇ? ಹಳೆಯ ಪುಸ್ತಕಗಳನ್ನು ತೆರೆದರೆ ಹಾಗೆ ಅನಿಸುವುದಿಲ್ಲ. ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯ ಹೆರಿಗೆಯ ವಿಚಾರವನ್ನು ದೀರ್ಘವಾಗಿ ಹೇಳುತ್ತದೆ. ಒಂಬತ್ತನೆಯ ತಿಂಗಳಿಗೆ ಮುಂಚೆಯೇ ಸೂತಿಕಾಗಾರ ಕಟ್ಟಿಸಬೇಕು, ಬೇಕಾದ ಸಾಮಾನುಗಳನ್ನು ಒಳಗೆ ತಂದಿಡಬೇಕು, ಹಲವು ಸಲ ಹೆತ್ತು ಅನುಭವವಿರುವ, ಗರ್ಭಿಣಿಯ ಮೇಲೆ ಪ್ರೀತಿಯಿರುವ ಹೆಂಗಸರು ಬಳಿಯಲ್ಲಿರಬೇಕು ಎನ್ನುತ್ತದೆ. ಮೊಲೆಯೂಡುವ ದಾದಿಯನ್ನು ಹೇಗೆ ಪರೀಕ್ಷಿಸಿ ಆರಿಸಬೇಕೆಂಬ ವಿವರ ಮುಂದೆ ಬರುತ್ತದೆ. ಮಗುವಿನ ಆಟಿಕೆಗಳನ್ನೂ ಬಿಟ್ಟಿಲ್ಲ: ಹಗುರವಾಗಿರಬೇಕು, ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಮಗು ಹೆದರುವಂತಿರಬಾರದು. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯ, ಅಂದರೆ ಮಕ್ಕಳ ಪಾಲನೆ ಮತ್ತು ಚಿಕಿತ್ಸೆ, ಒಂದು. ಪ್ರತ್ಯೇಕ ಸೂತಿಕಾಗಾರ ಕಟ್ಟಿಸಿ ದಾದಿಯನ್ನು ಇಟ್ಟುಕೊಳ್ಳುವ ಶಕ್ತಿ ಯಾರಿಗಿತ್ತು ಎಂಬುದು ಬೇರೆ ಮಾತು. ಅದು ಉಳ್ಳವರ ಮನೆಯ ಮಗುವಿಗೆ ಬರೆದದ್ದು.

ಕನ್ನಡದಲ್ಲಿಯೂ ಈ ಪರಂಪರೆಗೆ ಒಂದು ಗುರುತು ಇದೆ. ಹನ್ನೆರಡನೆಯ ಶತಮಾನದಲ್ಲಿ ಚಾಳುಕ್ಯ ವಂಶದ ಕೀರ್ತಿವರ್ಮ 'ಗೋವೈದ್ಯ' ಬರೆದ. ಸುಮಾರು 1200ರ ಹೊತ್ತಿಗೆ ದೇವೇಂದ್ರಮುನಿ 'ಬಾಲಗ್ರಹ ಚಿಕಿತ್ಸೆ' ಬರೆದ. ದನಕರುಗಳಿಗೆ ಮೊದಲು, ಮಕ್ಕಳಿಗೆ ಆಮೇಲೆ ಎಂದು ನಾವು ಗೆಳೆಯರು ತಮಾಷೆ ಮಾಡುವುದುಂಟು. ಮಗು ಇದ್ದಕ್ಕಿದ್ದಂತೆ ಸೆಟೆದುಕೊಂಡರೆ, ಹಾಲು ಕುಡಿಯದಿದ್ದರೆ, ಎಡೆಬಿಡದೆ ಅತ್ತರೆ ಅದು ಗ್ರಹದ ಕಾಟ ಎಂದು ತಿಳಿದ ಕಾಲ ಅದು. ಮಾತು ಬಾರದ ರೋಗಿ ಎಲ್ಲಿ ನೋವೆಂದು ಹೇಳಲಾರದು. ಗ್ರಹವೆಂಬುದು ಆ ಮೌನಕ್ಕೆ ಇಟ್ಟ ಹೆಸರು. ಮಗುವಿನ ಕಾಯಿಲೆ ದೊಡ್ಡವರ ಕಾಯಿಲೆಯಂತಲ್ಲ, ಅದಕ್ಕೆ ಬೇರೆಯೇ ಪುಸ್ತಕ ಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು ಎಂಬುದು ಮುಖ್ಯ.

ಆದರೆ ಬಹುಪಾಲು ಕೂಸುಗಳು ಬಿದ್ದದ್ದು ಪುಸ್ತಕ ಓದಿದವರ ಕೈಗಲ್ಲ, ಸೂಲಗಿತ್ತಿಯ ಕೈಗೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಸೂಲಗಿತ್ತಿಯನ್ನು ಯಾರೂ ಫಾರಂ ತುಂಬಿ ಆರಿಸುತ್ತಿರಲಿಲ್ಲ. ಹುಡುಗಿ ತವರಿಗೆ ಬಂದಳೆಂದರೆ ಯಾರು ಬರುತ್ತಾರೆಂಬುದು ಊರಿಗೇ ಗೊತ್ತಿರುತ್ತಿತ್ತು. ಆಕೆ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು, ಹೆರಿಗೆ ಮಾಡಿಸುತ್ತಿದ್ದಳು, ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದಳು, ಆಮೇಲೂ ದಿನಗಟ್ಟಲೆ ಬಂದು ತಾಯಿಗೂ ಕೂಸಿಗೂ ನೀರು ಹಾಕುತ್ತಿದ್ದಳು. ತಾಯಿಗೊಬ್ಬರು, ಮಗುವಿಗೊಬ್ಬರು ಎಂಬ ವಿಂಗಡಣೆ ಅಲ್ಲಿರಲಿಲ್ಲ.

ಇದನ್ನು ಚಿನ್ನದ ಕಾಲವೆಂದು ಬರೆಯಲು ನನಗೆ ಮನಸ್ಸಿಲ್ಲ. ಅನೇಕ ಊರುಗಳಲ್ಲಿ ಸೂಲಗಿತ್ತಿ ಹೆರಿಗೆಯ ಕೋಣೆಗೆ ಮಾತ್ರ ಬೇಕಾದವಳು. ಸೂತಕ ಕಳೆದ ಮೇಲೆ ಜಾತಿ ಮತ್ತೆ ನೆನಪಾಗಿ ಅವಳು ಹೊಸ್ತಿಲ ಆಚೆ ನಿಲ್ಲಬೇಕಾಗುತ್ತಿತ್ತು. ಎಷ್ಟೇ ನುರಿತ ಕೈಯಾದರೂ ಉಸಿರಾಡದ ಕೂಸನ್ನು, ಬಳ್ಳಿಯ ಗಾಯದಿಂದ ಧನುರ್ವಾಯು ಹತ್ತಿದ ಕೂಸನ್ನು ಉಳಿಸುವ ಸಾಧನ ಅವಳ ಬಳಿ ಇರಲಿಲ್ಲ. ವಸಾಹತು ಸರ್ಕಾರ ಆ ಕೊರತೆಯನ್ನೇ ಎತ್ತಿ ಹೇಳಿತು. 1885ರಲ್ಲಿ ಲೇಡಿ ಡಫರಿನ್ ಹೆಸರಿನ ನಿಧಿ ಬಂತು, ಮಹಿಳಾ ವೈದ್ಯರನ್ನು, ಮಹಿಳಾ ಆಸ್ಪತ್ರೆಗಳನ್ನು ಒದಗಿಸುವುದು ಅದರ ಗುರಿ. 1903ರಲ್ಲಿ ಸೂಲಗಿತ್ತಿಯರಿಗೆ ತರಬೇತಿ ಕೊಡಲು ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಇನ್ನೊಂದು ನಿಧಿ ಶುರುವಾಯಿತು. ಕೊಳಕು ಕೈಯ, ಮೂಢ ದಾಯಿ ಎಂಬ ಚಿತ್ರ ಆಗಿನ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಕೈಗೆ ಸೋಪು, ಕುದಿಸಿದ ನೀರು, ಮರ್ಯಾದೆ ಇವನ್ನು ಯಾರು ಒದಗಿಸಿದ್ದರು ಎಂಬ ಪ್ರಶ್ನೆ ಮಾತ್ರ ಅಪರೂಪ.

ಮೈಸೂರು ಸಂಸ್ಥಾನದಲ್ಲಿ ಆಸ್ಪತ್ರೆಗಳು ಒಂದೊಂದಾಗಿ ಬಂದವು. 1906ರಲ್ಲಿ ಮೈಸೂರಿನಲ್ಲಿ ಮಿಷನರಿಗಳ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆಯಿತು. ರೀಜೆಂಟರಾಗಿ ಆಳಿದ್ದ ಕೆಂಪನಂಜಮ್ಮಣ್ಣಿಯವರ ನೆನಪಿಗೆ ಬೆಂಗಳೂರಿನಲ್ಲಿ 1935ರಲ್ಲಿ ವಾಣಿ ವಿಲಾಸ ಆಸ್ಪತ್ರೆ ಆರಂಭವಾಯಿತು. ಇಂಥ ಆಸ್ಪತ್ರೆಗಳನ್ನು ಜನ 'ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ' ಎಂದೇ ಕರೆದರು. ಆ 'ಮತ್ತು' ಎಂಬ ಪದದೊಳಗೆ ಕೂಸು ಬಹುಕಾಲ ತಾಯಿಯ ಬಾಲವಾಗಿಯೇ ಇತ್ತು.

ಇದು ನಮ್ಮಲ್ಲಿ ಮಾತ್ರವಲ್ಲ. 1802ರಲ್ಲಿ ಪ್ಯಾರಿಸ್‌ನಲ್ಲಿ ಮಕ್ಕಳಿಗೆಂದೇ ಆಸ್ಪತ್ರೆಯಾಯಿತು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆ 1852ರಲ್ಲಿ ಹತ್ತು ಹಾಸಿಗೆಗಳೊಂದಿಗೆ ಬಾಗಿಲು ತೆರೆಯಿತು. ಆದರೆ ಅಲ್ಲಿ ಶುರುವಿನಲ್ಲಿ ಎರಡು ವರ್ಷದೊಳಗಿನವರನ್ನು ಸಾಮಾನ್ಯವಾಗಿ ಒಳರೋಗಿಗಳಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಮಕ್ಕಳ ವೈದ್ಯರಿಗೆ ಕೂಸು ತೀರ ಚಿಕ್ಕದು. ಹೆರಿಗೆ ವೈದ್ಯರಿಗೆ ಕೂಸು ಹೊರಬಂದ ಮೇಲೆ ಕೆಲಸ ಮುಗಿದಂತೆ. ನಡುವೆ ಬಿದ್ದ ಕೂಸನ್ನು ಎತ್ತಿಕೊಂಡವರು ಕೆಲವೇ ಜನ. ಪ್ಯಾರಿಸ್‌ನ ಹೆರಿಗೆ ವೈದ್ಯ ಸ್ಟೆಫಾನ್ ಟಾರ್ನಿಯೆ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, 1880ರ ಹೊತ್ತಿಗೆ ಅಂಥದ್ದನ್ನೇ ತಿಂಗಳು ತುಂಬದ ಕೂಸುಗಳಿಗೆ ಮಾಡಿಸಿದರು. ಅವರ ಶಿಷ್ಯ ಪಿಯರ್ ಬ್ಯೂಡಿನ್ 1892ರಲ್ಲಿ, ಹೆತ್ತು ಮನೆಗೆ ಹೋದ ತಾಯಂದಿರು ಕೂಸನ್ನು ಮತ್ತೆ ತಂದು ತೋರಿಸುವ ಏರ್ಪಾಡು ಮಾಡಿದರು. ಕಾಯಿಲೆಯಿಲ್ಲದ ಮಗುವನ್ನೂ ವೈದ್ಯರು ನೋಡಬೇಕು, ತೂಗಬೇಕು ಎಂಬುದು ಹೊಸ ಯೋಚನೆ. ನ್ಯೂಯಾರ್ಕಿನ ವರ್ಜೀನಿಯಾ ಎಪ್ಗಾರ್ ಮಕ್ಕಳ ವೈದ್ಯೆಯೂ ಅಲ್ಲ, ಹೆರಿಗೆ ವೈದ್ಯೆಯೂ ಅಲ್ಲ, ಅರಿವಳಿಕೆ ತಜ್ಞೆ. ಹುಟ್ಟಿದ ಮೊದಲ ನಿಮಿಷದಲ್ಲಿ ಕೂಸಿನ ಉಸಿರು, ನಾಡಿ, ಬಣ್ಣ, ಕೈಕಾಲಿನ ಬಿಗಿ, ಮುಟ್ಟಿದರೆ ಬರುವ ಪ್ರತಿಕ್ರಿಯೆ ಈ ಐದಕ್ಕೆ ಅಂಕ ಕೊಡುವ ಕ್ರಮವನ್ನು ಅವರು 1953ರಲ್ಲಿ ಪ್ರಕಟಿಸಿದರು. ಅಂಕ ಹಾಕಬೇಕೆಂದರೆ ಯಾರಾದರೊಬ್ಬರು ಕೂಸಿನ ಕಡೆ ತಿರುಗಿ ನೋಡಲೇಬೇಕು. ಆ ಕ್ರಮದ ದೊಡ್ಡ ಉಪಕಾರ ಅದೇ ಎಂದು ನನಗನಿಸುತ್ತದೆ.

ಭಾರತದಲ್ಲಿ 1929ರಲ್ಲಿ ಮುಂಬಯಿಯ ವಾಡಿಯಾ ಮಕ್ಕಳ ಆಸ್ಪತ್ರೆ ಬಂತು. 1933ರಲ್ಲಿ ಕಲ್ಕತ್ತೆಯ ಕೆ.ಸಿ. ಚೌಧುರಿ ಮಕ್ಕಳ ವೈದ್ಯಕೀಯಕ್ಕೇ ಮೀಸಲಾದ ಪತ್ರಿಕೆಯನ್ನು ಶುರುಮಾಡಿದರು. 1963ರಲ್ಲಿ ದೇಶದ ಮಕ್ಕಳ ವೈದ್ಯರೆಲ್ಲ ಒಂದೇ ಅಕಾಡೆಮಿಯಾಗಿ ಸೇರಿದರು. ಕನ್ನಡದ ಮನೆಗಳಿಗೆ ಈ ತಿಳಿವಳಿಕೆಯನ್ನು ಒಯ್ದವರಲ್ಲಿ ಡಾ. ಅನುಪಮಾ ನಿರಂಜನ ದೊಡ್ಡ ಹೆಸರು. ಅವರ 'ತಾಯಿ-ಮಗು' ನಮ್ಮ ಅಮ್ಮನ ಪೆಟ್ಟಿಗೆಯಲ್ಲಿತ್ತು, ರಟ್ಟು ಕಿತ್ತುಹೋಗಿತ್ತು. ಮಕ್ಕಳ ಡಾಕ್ಟರು ಜಿಲ್ಲಾ ಕೇಂದ್ರದಲ್ಲಿ ಮಾತ್ರ ಸಿಗುತ್ತಿದ್ದ ಕಾಲದಲ್ಲಿ ಆ ಪುಸ್ತಕವೇ ಅಮ್ಮನಿಗೆ ಮಕ್ಕಳ ಡಾಕ್ಟರು.

ಇಂದು ಅಮೆರಿಕದಲ್ಲಿ ಕೊನೆಯ ಮೂರು ತಿಂಗಳಲ್ಲಿ ಮಕ್ಕಳ ವೈದ್ಯರನ್ನು ಒಮ್ಮೆ ಭೇಟಿಯಾಗಿ ಬನ್ನಿ ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ ಸಲಹೆ ಕೊಡುತ್ತದೆ. ನಮ್ಮಲ್ಲಿ ಆ ಆಯ್ಕೆ ಇರುವುದು ದುಡ್ಡು ಕೊಟ್ಟು ಹೆರಿಗೆ ಮಾಡಿಸಿಕೊಳ್ಳುವವರಿಗೆ. ಸರ್ಕಾರಿ ಆಸ್ಪತ್ರೆಗೆ ಹೋಗುವ ಹೆಣ್ಣುಮಗಳಿಗೆ ಆ ಹೊತ್ತು ಡ್ಯೂಟಿಯಲ್ಲಿ ಇರುವವರೇ ಡಾಕ್ಟರು. ಹುಟ್ಟುವ ಮೊದಲೇ ಅವಳಿಗೆ ಪರಿಚಯವಿದ್ದು, ಹುಟ್ಟಿದ ಮೇಲೂ ಕೂಸನ್ನು ನೋಡಲು ಬರುವವಳು ಒಬ್ಬಳೇ, ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ ಆಕೆ ಮನೆಗೆ ಬಂದು ಕೂಸನ್ನು ತೂಗಬೇಕು, ಮೈ ಮುಟ್ಟಿ ನೋಡಬೇಕು, ಮೊಲೆ ಹಿಡಿಯುತ್ತಿದೆಯೇ ಎಂದು ಕೇಳಬೇಕು. ಸೂಲಗಿತ್ತಿಯ ಕೆಲಸದ ಒಂದು ಭಾಗ ಹೀಗೆ ಗೌರವಧನದ ಮೇಲೆ ದುಡಿಯುವ ಇನ್ನೊಬ್ಬ ಹೆಂಗಸಿಗೆ ಬಂದಿದೆ. ಸೂಲಗಿತ್ತಿಗೆ ಕೊಟ್ಟಷ್ಟೇ ಮರ್ಯಾದೆ ಇವಳಿಗೂ ಸಿಗುತ್ತಿದೆ, ಅಂದರೆ ಬೇಕಾದಾಗ ಮಾತ್ರ.

ಫಾರಂ ನಾಲ್ಕು ದಿನ ಫ್ರಿಜ್ಜಿನ ಮೇಲೆಯೇ ಇತ್ತು. ಭಾವ ಫೋನಿನಲ್ಲಿ ಹುಡುಕಿ, ಹೆಚ್ಚು ನಕ್ಷತ್ರಗಳಿದ್ದ ಮೂರು ಹೆಸರು ಹೇಳಿದರು. ಹೊಸ ಕೂಸಿಗೆ ಕಾಮಾಲೆ ಏರುವುದು ಸಾಮಾನ್ಯವಾಗಿ ಮೂರರಿಂದ ಐದನೆಯ ದಿನದೊಳಗೆ, ಸರಿಯಾಗಿ ಆಸ್ಪತ್ರೆಯಿಂದ ಮನೆಗೆ ಬಂದಿರುವ ಹೊತ್ತಿಗೆ. ಆ ದಿನ ಮನೆಗೆ ಹತ್ತಿರವಿರುವವರು ಯಾರು ಎಂದು ನಾನು ಕೇಳಿದೆ. ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅಜ್ಜಿ ಕೊನೆಗೆ ಬಾಯಿಬಿಟ್ಟರು: "ಅವೆಲ್ಲ ಇರ್ಲಿ. ಅರ್ಧ ರಾತ್ರೀಲಿ ಕೂಗಿದ್ರೆ ಓ ಅಂತಾರಾ?"

ಅಕ್ಕ ಎರಡು ಬೀದಿ ಆಚೆಯ ಸಣ್ಣ ಕ್ಲಿನಿಕ್ಕಿಗೆ ಹೋಗಿ ಅದನ್ನೇ ಕೇಳಿದಳು. ಅಲ್ಲಿನ ಡಾಕ್ಟರಮ್ಮ ಒಂದು ಚೀಟಿಯ ಮೇಲೆ ಮನೆಯ ನಂಬರು ಬರೆದುಕೊಟ್ಟರು. ಖಾಲಿ ಸಾಲಿನಲ್ಲಿ ಅವರ ಹೆಸರನ್ನೇ ಬರೆದೆವು. ತೊಟ್ಟಿಲನ್ನು ಮಾತ್ರ ಇನ್ನೂ ತಂದಿಲ್ಲ.