ಎರಡೂವರೆ ಅಡಿ ಜಾಗ

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ನಮ್ಮ ಪಕ್ಕದ ಮನೆ ಕೆಡವಿದರು. ಮಲ್ಲೇಶ್ವರದ ನಮ್ಮ ಮನೆಯೂ ಅದೂ ಒಂದೇ ಕಾಲದವು. 1936ರಲ್ಲಿ ನನ್ನ ತಾತ ಕಟ್ಟಿಸುವಾಗ ಅಲ್ಲಿಯೂ ಅದೇ ಮೇಸ್ತ್ರಿ ಕೆಲಸ ಮಾಡಿದ್ದನಂತೆ. ಮೂರು ದಿನದಲ್ಲಿ ತೇಗದ ತೊಲೆ, ಬಾಗಿಲು, ಮಂಗಳೂರು ಹೆಂಚು ಎಲ್ಲ ಲಾರಿ ಏರಿದವು. ನಾಲ್ಕನೆಯ ದಿನ ಜೆಸಿಬಿ ಬಂತು. ಕೆಳಗೆ ಕಾರು ನಿಲ್ಲಿಸಲು ಹತ್ತಡಿ ಆಳ ತೋಡಬೇಕಿತ್ತು. ನಮ್ಮ ಪಾಯ ಇರುವುದು ಮೂರೂವರೆ ಅಡಿ.

ಆರನೆಯ ದಿನ ಬೆಳಿಗ್ಗೆ ಅಮ್ಮ, ‘ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ ನೋಡೋ’ ಅಂದರು. ಅವರಿಗೆ ಎಂಬತ್ತಾರು, ಕಣ್ಣು ಮಂದ. ಹತ್ತಿರ ಹೋಗಿ ನೋಡಿದರೆ ಇರುವೆಯಲ್ಲ, ಬಿರುಕು. ಕಿಟಕಿಯ ಮೂಲೆಯಿಂದ ಅಮ್ಮನ ಮಂಚದ ತಲೆಭಾಗದವರೆಗೆ ಓರೆಯಾಗಿ ಇಳಿದಿತ್ತು.

ನಮಗೆ ಗೊತ್ತಿದ್ದ ಹಳೆಯ ಮೇಸ್ತ್ರಿಯನ್ನು ಕರೆಸಿದೆ. ಅವರು ಬಿರುಕಿನ ಮೇಲೆ ಅಡ್ಡಡ್ಡಕ್ಕೆ ಮೂರು ಗಾಜಿನ ಚೂರು ಇಟ್ಟು ಎರಡು ತುದಿಯನ್ನೂ ಗಾರೆಯಲ್ಲಿ ಕೂರಿಸಿದರು. ‘ಗಾಜು ಒಡೆದ್ರೆ ಗೋಡೆ ಇನ್ನೂ ಸರೀತಾ ಇದೆ ಅಂತ ಸಾರ್. ಅಲ್ಲೀವರೆಗೂ ಬಿರುಕು ಮುಚ್ಚೋಕೆ ಹೋಗ್ಬೇಡಿ.’ ಅಮ್ಮನ ಮಂಚವನ್ನು ನಡುಮನೆಗೆ ತಂದೆವು. ಎರಡು ದಿನಕ್ಕೆ ಕೆಳಗಿನ ಗಾಜು ಒಡೆಯಿತು.

ವಕೀಲ ಗೆಳೆಯನಿಗೆ ಫೋನ್ ಮಾಡಿದೆ. ಭಾರತೀಯ ಈಸ್‌ಮೆಂಟ್ ಕಾಯಿದೆ 1882ರದು. ಪಕ್ಕದ ನೆಲದ ಆಸರೆಯನ್ನು ಇಪ್ಪತ್ತು ವರ್ಷ ತಂಟೆ ತಕರಾರಿಲ್ಲದೆ ಹಕ್ಕಾಗಿ ಪಡೆದ ಕಟ್ಟಡಕ್ಕೆ ಆ ಆಸರೆಯ ಹಕ್ಕು ದಕ್ಕುತ್ತದೆ ಎನ್ನುತ್ತದೆ ಅದು. ನಮ್ಮದು ಎಂಬತ್ತು ದಾಟಿದ ಮನೆ. ಕೋಪಕ್ಕೆ ಒಂದು ಆಯುಧ ಸಿಕ್ಕಿತು.

ಆ ರಾತ್ರಿ ನಿದ್ದೆ ಬಾರದೆ ಎರಡು ಮನೆಗಳ ನಡುವಿನ ಸಂದಿಯ ಬಗ್ಗೆ ಯೋಚಿಸುತ್ತಿದ್ದೆ. ಆ ಜಾಗ ಅಲ್ಲಿ ಸುಮ್ಮನೆ ಬಿದ್ದದ್ದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮಲ್ಲೇಶ್ವರ, ಬಸವನಗುಡಿಗಳ ಯೋಜನೆ ಅದಕ್ಕೂ ಮೊದಲಿನದಾದರೂ ಜನ ಗಂಟುಮೂಟೆ ಕಟ್ಟಿಕೊಂಡು ಇತ್ತ ಹೊರಟದ್ದು ಆ ಭಯದಿಂದ. ಅಗಲ ರಸ್ತೆ, ಮನೆಯ ಸುತ್ತ ಗಾಳಿ ಬೆಳಕಿಗೆ ಜಾಗ, ಹಿಂದುಗಡೆ ಓಣಿ. ಕಕ್ಕಸು ತೆಗೆಯುವವರು ಎದುರು ಬಾಗಿಲಿಗೆ ಬಾರದಿರಲಿ ಎಂದು ಮಾಡಿದ ಓಣಿ ಅದು. ಆರೋಗ್ಯದ ಲೆಕ್ಕವೂ ಜಾತಿಯ ಲೆಕ್ಕವೂ ಒಂದೇ ನಕ್ಷೆಯಲ್ಲಿ ಸೇರಿದ್ದವು.

ಇನ್ನೂ ಹಳೆಯ ಲೆಕ್ಕವೊಂದು ನೆನಪಾಯಿತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ತಾಳೆಗರಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವೂ ಬಂತು. ಗೂಢಚಾರರು, ರಾಜನೀತಿ ಎಂದು ಎಲ್ಲರೂ ಹೇಳುವ ಆ ಪುಸ್ತಕದ ಮೂರನೆಯ ಅಧಿಕರಣದಲ್ಲಿ ಮನೆ ಕಟ್ಟುವವರ ಜಗಳಗಳಿವೆ. ಚರಂಡಿ ನೆರೆಯವನ ಗೋಡೆಯಿಂದ ಎಷ್ಟು ದೂರವಿರಬೇಕು, ತಪ್ಪಿದರೆ ದಂಡವೆಷ್ಟು. ಎರಡು ಮನೆಗಳ ನಡುವೆ ಒಂದು ಕಿಷ್ಕು, ಇಲ್ಲವೇ ಮೂರು ಪದ ಬಿಡಬೇಕು. ಮೂರು ಪದ ಎಂದರೆ ನಲವತ್ತೆರಡು ಅಂಗುಲ, ನಮ್ಮ ಲೆಕ್ಕಕ್ಕೆ ಸುಮಾರು ಎರಡೂವರೆ ಅಡಿ. ಸ್ವಂತ ಜಾಗದ ಹೊರಗೆ ತಿಪ್ಪೆ, ನೀರಿನ ದಾರಿ, ಬಾವಿ ಮಾಡಕೂಡದು. ಬಾಣಂತಿಯ ಸ್ನಾನಕ್ಕೆ ಹತ್ತು ದಿನ ಮಾತ್ರ ವಿನಾಯಿತಿ.

ಹತ್ತು ದಿನ ಎಂಬಲ್ಲಿಗೆ ಬಂದು ಎದ್ದು ಕೂತೆ. 1974ರಲ್ಲಿ ಅಕ್ಕನ ಬಾಣಂತನಕ್ಕೆಂದು ಅಪ್ಪ ಅದೇ ಸಂದಿಯಲ್ಲಿ ಒಂದು ಬಚ್ಚಲು ಹಾಕಿಸಿದ್ದರು, ತಗಡಿನ ಸೂರಿನದು. ಪಕ್ಕದ ಮನೆಯ ಅಜ್ಜಿ ಬೇಡ ಅನ್ನಲಿಲ್ಲ. ಬದಲಿಗೆ ನೀರು ಕಾಯಿಸಲು ಸೌದೆ ಕೊಟ್ಟಿದ್ದರು. ಮಗು ಊರಿಗೆ ಹೋಯಿತು, ಬಚ್ಚಲು ಉಳಿಯಿತು. ಆಮೇಲೆ ತಗಡಿನ ಬದಲು ತಾರಸಿ ಬಂತು, ಬಟ್ಟೆ ಒಗೆಯುವ ಮಿಷನ್ ಬಂತು. ಹತ್ತು ದಿನದ ವಿನಾಯಿತಿಯನ್ನು ನಾವು ಐವತ್ತು ವರ್ಷ ಅನುಭವಿಸಿದ್ದೆವು.

ಬೆಳಿಗ್ಗೆ ಹೊಂಡದ ಅಂಚಿಗೆ ಹೋಗಿ ನಿಂತೆ. ಕಡಿದ ಮಣ್ಣು ಎಲ್ಲ ಕಡೆ ಒಣಗಿ ಕೆಂಪಗಿತ್ತು. ನಮ್ಮ ಬಚ್ಚಲಿನ ಕೆಳಗೆ ಮಾತ್ರ ಕಪ್ಪಗೆ ಒದ್ದೆ. ಎಂದೋ ಒಡೆದ ಪೈಪು ನಮ್ಮ ಪಾಯದ ಮಣ್ಣನ್ನೇ ಮೆತ್ತಗೆ ಮಾಡಿತ್ತು. ಅವರು ತೋಡಿದ್ದು ನಿಜ, ನಾವು ನೆನೆಸಿದ್ದೂ ನಿಜ.

ಆ ಅಜ್ಜಿಯ ಮೊಮ್ಮಗ ಬಂದ. ನಾನು ಕಾಯಿದೆಯ ಮಾತು ತೆಗೆಯುವ ಮೊದಲೇ, ‘ಅಂಕಲ್, ಅಜ್ಜಿ ರೂಮಿನ ಗೋಡೆ ಬಿರುಕು ಬಿಟ್ಟಿದೆಯಂತೆ’ ಅಂದ. ಒಳಗೆ ಕರೆದು ತೋರಿಸಿದೆ. ಒಡೆದ ಗಾಜನ್ನು ಮುಟ್ಟಿ ನೋಡಿ ಸುಮ್ಮನಾದ. ಅವನನ್ನೇ ಹೊರಗೆ ಕರೆದೊಯ್ದು ಒದ್ದೆ ಮಣ್ಣನ್ನೂ ತೋರಿಸಿದೆ. ತೋರಿಸದೆ ಇರಬಹುದಿತ್ತು.

ಕೌಟಿಲ್ಯನ ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ಮನೆಯವರು ಒಟ್ಟಿಗೆ ಕೂತು ತಮಗೆ ಬೇಕಾದಂತೆ ಕಟ್ಟಿಸಿಕೊಳ್ಳಬಹುದು, ಕೇಡಾಗುವುದನ್ನು ಮಾತ್ರ ತಡೆಯಬೇಕು. ಇಷ್ಟೆಲ್ಲ ಅಳತೆ, ದಂಡ ಹೇಳಿದವನು ನೆರೆಹೊರೆಯವರ ಒಪ್ಪಂದಕ್ಕೂ ಜಾಗ ಬಿಟ್ಟಿದ್ದ. ನಾವು ನಡುಮನೆಯಲ್ಲಿ, ಅಮ್ಮನ ಮಂಚದ ಪಕ್ಕದಲ್ಲೇ ಕೂತೆವು. ಅವರ ಇಂಜಿನಿಯರೂ ಬಂದರು. ನಮ್ಮ ಕಡೆ ಒಂದೇ ಸಲ ತೋಡದೆ ನಾಲ್ಕು ನಾಲ್ಕು ಅಡಿ ಬಿಟ್ಟು ತೋಡುವುದು, ತೋಡಿದಷ್ಟಕ್ಕೆ ಕಾಂಕ್ರೀಟ್ ಗೋಡೆ ಎಬ್ಬಿಸಿ ಆಮೇಲೆ ಮುಂದಿನದು. ಕೆಲಸಗಾರರು ನಿಲ್ಲಲು ಜಾಗ ಬೇಕು. ಬಚ್ಚಲು ನಾವು ಕೆಡವುವುದು. ಖರ್ಚು ಅವರವರದು. ‘ನನ್ನ ಮಗಳ ಬಾಣಂತನದ ಬಚ್ಚಲು ಕಣೋ ಅದು’ ಅಂದರು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, ‘ಕೆಡವಿ, ಈಗ ಯಾರು ಹೆರಬೇಕು’ ಅಂದರು.

ಆ ಗೋಡೆ ಮೇಲೇಳಲು ಏಳು ವಾರ ಹಿಡಿಯಿತು. ಬಿರುಕನ್ನು ಮೇಸ್ತ್ರಿ ಸಿಮೆಂಟ್ ಮುಟ್ಟಿಸದೆ ಸುಣ್ಣದ ಗಾರೆಯಲ್ಲೇ ತುಂಬಿದರು. ಮಣ್ಣಿನ ಗೋಡೆಗೆ ಸಿಮೆಂಟ್ ಬಿಗಿಯಾಗುತ್ತದೆ, ಒಳಗಿನ ತೇವ ಹೊರಗೆ ಬರಲು ಬಿಡುವುದಿಲ್ಲ. ಮುಂಗಾರು ಮುಗಿದ ಮೇಲೆ ಅಮ್ಮ ತಮ್ಮ ಕೋಣೆಗೆ ಹಿಂತಿರುಗಿದರು. ಪಕ್ಕದ ಮನೆ ಈಗ ನಾಲ್ಕು ಅಂತಸ್ತು. ಕೋಣೆಗೆ ಬೆಳಗಿನ ಬಿಸಿಲು ಬರುವುದಿಲ್ಲ, ಅದಕ್ಕೇನೂ ಮಾಡಲಾಗಲಿಲ್ಲ. ಉಳಿದ ಎರಡು ಗಾಜನ್ನು ತೆಗೆಯಬೇಡಿ ಎಂದು ಮೇಸ್ತ್ರಿಗೆ ಹೇಳಿದ್ದೆ. ದಿನಾ ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಒಮ್ಮೆ ನೋಡುತ್ತೇನೆ. ಇನ್ನೂ ಒಡೆದಿಲ್ಲ.