ಗಾಳಿಮರ: ಪೈನ್‌ನಂತೆ ಕಾಣುವ ಹೂಬಿಡುವ ಸಸ್ಯ

ಕಾರವಾರದ ಕಡಲತೀರದಲ್ಲಿ ಸಾಲಾಗಿ ನಿಂತ ಗಾಳಿಮರಗಳನ್ನು ಪೈನ್ ಎಂದು ಭಾವಿಸುವವರುಂಟು. ಇಂಗ್ಲಿಷಿನಲ್ಲಂತೂ ಇದಕ್ಕೆ ‘ಆಸ್ಟ್ರೇಲಿಯನ್ ಪೈನ್’ ಎಂಬ ಹೆಸರೇ ಇದೆ. ವಾಸ್ತವವಾಗಿ ಸರ್ವೆ ಎಂದೂ ಕರೆಯಲಾಗುವ ಈ ಮರ (ಕ್ಯಾಸುರಿನಾ ಈಕ್ವಿಸೆಟಿಫೋಲಿಯಾ) ಹೂಬಿಡುವ ಸಸ್ಯವರ್ಗಕ್ಕೆ ಸೇರಿದ್ದು. ಹಿಮಾಲಯದ ಚೀರ್ ಪೈನ್ (ಪೈನಸ್ ರಾಕ್ಸ್‌ಬರ್ಘೈ) ಹೂವೇ ಇಲ್ಲದ ಶಂಕುಧಾರಿ. ವಂಶದ ಲೆಕ್ಕದಲ್ಲಿ ಗಾಳಿಮರಕ್ಕೆ ಪೈನ್‌ಗಿಂತ ಅಕ್ರೋಟು, ಓಕ್ ಮರಗಳೇ ಹತ್ತಿರದ ಬಂಧುಗಳು.

ಗೊಂದಲಕ್ಕೆ ಮುಖ್ಯ ಕಾರಣ ‘ಸೂಜಿ’. ಗಾಳಿಮರದ ಸೂಜಿ ಎಲೆಯಲ್ಲ, ಹಸಿರು ಕಿರುರೆಂಬೆ. ಒಂದನ್ನು ಹಿಡಿದು ಎಳೆದರೆ ಗಿಣ್ಣಿನಲ್ಲಿ ಕಳಚಿಕೊಳ್ಳುತ್ತದೆ. ಆ ಗಿಣ್ಣಿನ ಸುತ್ತ ಹಲ್ಲುಗಳಂತೆ ಕಾಣುವ 6ರಿಂದ 8 ಸೂಕ್ಷ್ಮ ಚೂಪುಗಳೇ ನಿಜವಾದ ಎಲೆಗಳು. ಚೀರ್ ಪೈನ್‌ನಲ್ಲಾದರೋ ಸೂಜಿಯೇ ಎಲೆ. ಮೂರು ಮೂರರ ಗೊಂಚಲಿನಲ್ಲಿ, ಸುಮಾರು 20ರಿಂದ 30 ಸೆಂ.ಮೀ. ಉದ್ದ ಬೆಳೆಯುತ್ತದೆ, ಗಿಣ್ಣುಗಳಿರುವುದಿಲ್ಲ. ಹಾಗೆಂದು ಶಂಕುಧಾರಿಗಳಿಗೆಲ್ಲ ಸೂಜಿ ಎಲೆಯೇ ಇರಬೇಕೆಂದೇನೂ ಇಲ್ಲ. ದಕ್ಷಿಣ ಭಾರತದ ಘಟ್ಟಗಳಲ್ಲಿ ಸಹಜವಾಗಿ ಬೆಳೆಯುವ ಏಕೈಕ ಶಂಕುಧಾರಿಯಾದ ನಾಗೇಯಾ ವಾಲಿಚಿಯಾನಾದ ಎಲೆಗಳು ಅಗಲವಾಗಿವೆ.

‘ಕಾಯಿ’ಯ ಕಥೆಯೂ ಇಂಥದ್ದೇ. ಗಾಳಿಮರದ ಹೆಣ್ಣು ಹೂಗುಚ್ಛ ಕೆಂಪು ಎಳೆಗಳ ಪುಟ್ಟ ಚೆಂಡಿನಂತಿದ್ದು, ಬಲಿತಾಗ ಒಂದೆರಡು ಸೆಂ.ಮೀ. ಉದ್ದದ ಗಟ್ಟಿ ಶಂಕುವಿನಂತಾಗುತ್ತದೆ. ಅದರ ಬಾಯಿಗಳು ತೆರೆದಾಗ ಹೊರಬೀಳುವುದು ರೆಕ್ಕೆಯುಳ್ಳ ಹಣ್ಣು. ಬೀಜ ಅದರೊಳಗೆ ಭದ್ರ. ಪೈನ್ ಶಂಕುವಿನಲ್ಲಿ ಹಣ್ಣಿಲ್ಲ, ಬೀಜಗಳು ಹಲ್ಲೆಗಳ ಮೇಲೆ ತೆರೆದುಕೊಂಡೇ ಇರುತ್ತವೆ.

ಮರ ನೆಡುವವರಿಗೆ ಇದಕ್ಕಿಂತ ಮುಖ್ಯವಾದುದು ಬೇರು. ಗಾಳಿಮರದ ಬೇರುಗಂಟುಗಳಲ್ಲಿ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ನೆಲೆಸಿ ಗಾಳಿಯ ಸಾರಜನಕವನ್ನು ಸಸ್ಯಕ್ಕೆ ಒದಗಿಸುತ್ತದೆ. ಬರಡು ಮರಳಿನಲ್ಲೂ ಅದು ಶೀಘ್ರವಾಗಿ ಬೆಳೆಯುವುದಕ್ಕೆ ಇದೊಂದು ಪ್ರಮುಖ ಕಾರಣ. ಪೈನ್ ಬೇರುಗಳಲ್ಲಿ ಇಂಥ ಗಂಟುಗಳಿಲ್ಲ; ಅದು ಶಿಲೀಂಧ್ರಗಳ ನೆರವನ್ನು ಅವಲಂಬಿಸಿದೆ. ಕಾಂಡದಿಂದ ರಾಳ ತೆಗೆಯುವುದು ಪೈನ್‌ನಿಂದಲೇ ಹೊರತು ಗಾಳಿಮರದಿಂದಲ್ಲ. ಸೌದೆಯಾಗಿ ಮಾತ್ರ ಗಾಳಿಮರದ್ದೇ ಮೇಲುಗೈ.

ಇಷ್ಟು ಉಪಕಾರಿಯಾದ ಮರವನ್ನು ಎಲ್ಲೆಂದರಲ್ಲಿ ನೆಡಬಹುದೆಂಬ ಭಾವನೆ ಸರಿಯಲ್ಲ. ದಟ್ಟ ನೆರಳು ಹಾಗೂ ಉದುರಿದ ರೆಂಬೆಗಳ ಹಾಸಿನಡಿ ಕಡಲತೀರದ ಸಹಜ ಬಳ್ಳಿ, ಹುಲ್ಲುಗಳು ಚಿಗುರುವುದು ಕಷ್ಟ. ಅಮೆರಿಕದ ಫ್ಲಾರಿಡಾದಲ್ಲಿ ಇದರ ಬೇರುಗಳು ಕಡಲಾಮೆಗಳು ಗೂಡು ತೋಡುವುದಕ್ಕೂ ಅಡ್ಡಿಯಾಗಿದ್ದು, ಅಲ್ಲಿ ಇದು ನಿಷೇಧಿತ ಸಸ್ಯಗಳ ಪಟ್ಟಿಯಲ್ಲಿದೆ.