ಹಿಮಕರಡಿ, ಕಾಕನಕೋಟೆ ಆನೆ ಮತ್ತು ಒಂದು ರೀಲ್

ಹೋದ ವಾರ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಜೊತೆಗಿದ್ದ ಚಿಕ್ಕಪ್ಪನ ಮಗ ಮೊಬೈಲ್‌ನಲ್ಲಿ ಒಂದು ರೀಲ್ ತೋರಿಸಿದ. ಮಂಜುಗಡ್ಡೆ ಮೇಲೆ ಹಿಮಕರಡಿ, ದೂರದಲ್ಲಿ ಪ್ರವಾಸಿಗರ ಹಡಗು. "ಇದು ಸ್ವಾಲ್‌ಬಾರ್ಡ್ ಕಣಣ್ಣ, ವೀಸಾನೇ ಬೇಡ್ವಂತೆ. ಹೋಗಣ್ವಾ?" ಅಂದ.

ಅವನು ಹೇಳಿದ್ದು ಅರ್ಧ ನಿಜ. ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ, ಆದ್ರೆ ದಾರೀಲಿ ಸಿಗೋ ನಾರ್ವೆಗೆ ಬೇಕು. ಉತ್ತರ ಧ್ರುವದ ಹತ್ತಿರ ಇರೋ ಈ ದ್ವೀಪಗಳ ಗುಂಪು ನಾರ್ವೆಗೆ ಸೇರಿದ್ದು ಅಂತ ತೀರ್ಮಾನ ಆಗಿದ್ದು 1920ರ ಒಪ್ಪಂದದಲ್ಲಿ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತವೂ ಅದರೊಳಗೆ ಸೇರಿತ್ತು. 2008ರಲ್ಲಿ ನಮ್ಮ ದೇಶ ಅಲ್ಲಿ 'ಹಿಮಾದ್ರಿ' ಅನ್ನೋ ಸಂಶೋಧನಾ ಕೇಂದ್ರ ತೆರೆಯಿತು.

ರೀಲ್‌ನಲ್ಲಿ ಕಾಣದ ಕಥೆ ಬೇರೆ ಇದೆ. 1596ರಲ್ಲಿ ಡಚ್ ನಾವಿಕ ಬಾರೆಂಟ್ಸ್ ಈ ದ್ವೀಪಗಳನ್ನ ಕಂಡ. ಸ್ವಲ್ಪ ವರ್ಷದಲ್ಲೇ ಬೇಟೆ ಹಡಗುಗಳು ಬಂದವು. ತಿಮಿಂಗಿಲದ ಕೊಬ್ಬು ಕಾಯಿಸಿ ಎಣ್ಣೆ ತೆಗೆಯೋಕೆ ಡಚ್ಚರು ಕಟ್ಟಿದ ಜಾಗದ ಹೆಸರೇ 'ಕೊಬ್ಬಿನ ಊರು' ಅಂತ. ತಿಮಿಂಗಿಲ ಮುಗೀತಾ ಬಂತು, ಕಡಲಸಿಂಹದಂಥ ವಾಲ್ರಸ್ ಮುಗೀತಾ ಬಂತು, ಕರಡಿಗಳೂ ಸತ್ತವು. ಹಿಮಕರಡಿ ಬೇಟೆಗೆ ಅಲ್ಲಿ ತಡೆ ಬಿದ್ದಿದ್ದು 1973ರಲ್ಲಿ.

ಈ ಇಸವಿ ನೋಡಿ ನನಗೆ ನಮ್ಮ ಕಾಕನಕೋಟೆ ನೆನಪಾಯ್ತು. ಹ್ಯಾಂಡ್‌ಪೋಸ್ಟ್‌ನಿಂದ ಅಂತರಸಂತೆ ದಾಟಿದ್ರೆ ಅದೇ ಕಾಡು. ಮೈಸೂರು ಮಹಾರಾಜರ ಕಾಲದಲ್ಲಿ ಅಲ್ಲಿ ಖೆಡ್ಡಾ ನಡೀತಿತ್ತು. ತಮಟೆ, ಬೆಂಕಿ ಹಿಡಿದು ನೂರಾರು ಜನ ಆನೆ ಹಿಂಡನ್ನ ಕಬಿನಿ ಹೊಳೆಗೆ ಇಳಿಸಿ, ದಾಟಿಸಿ, ದೊಡ್ಡಿಗೆ ನುಗ್ಗಿಸೋರು. ಪಳಗಿದ ಆನೆಗಳ ಮೇಲೆ ಕೂತ ಮಾವುತರು ಹಗ್ಗ ಹಾಕೋರು. ಇದನ್ನ ನೋಡೋಕೆ ಪರದೇಶದ ಅತಿಥಿಗಳು ಬರೋರು. ಕೊನೇ ಖೆಡ್ಡಾ 1971ರಲ್ಲಿ. 1972ಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಖೆಡ್ಡಾ ನಡೆದ ಜಾಗವೂ ನೀರೊಳಗೆ ಹೋಯ್ತು. ಬೇಸಿಗೇಲಿ ಹಿನ್ನೀರು ಇಳಿದಾಗ ಅದೇ ಬಯಲಲ್ಲಿ ಆನೆಗಳು ಹುಲ್ಲು ಮೇಯೋದನ್ನ ಈಗ ಸಫಾರಿ ದೋಣಿಯಿಂದ ನೋಡ್ತೀವಿ.

ಅಂದ್ರೆ ಅಲ್ಲೂ ಇಲ್ಲೂ, ಹೆಚ್ಚು ಕಮ್ಮಿ ಒಂದೇ ಹೊತ್ತಿಗೆ, ಹಗ್ಗ ಮತ್ತು ಕೋವಿ ಹಿಡಿದ ಕೈಗೆ ಕ್ಯಾಮೆರಾ ಬಂತು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಸ್ವಾಲ್‌ಬಾರ್ಡ್‌ನಲ್ಲಿ ಮೂಲನಿವಾಸಿಗಳೇ ಇರಲಿಲ್ಲ. ಇಲ್ಲಿ ಇದ್ದರು. ಆನೆಯ ಜಾಡು ಹಿಡಿದು ಖೆಡ್ಡಾ ನಡೆಸಿಕೊಟ್ಟವರೇ ಜೇನುಕುರುಬರು, ಬೆಟ್ಟಕುರುಬರು. ಆನೆಗೆ ರಕ್ಷಣೆ ಸಿಕ್ಕಿದ ಕಾಲದಲ್ಲೇ ಅವರ ಎಷ್ಟೋ ಹಾಡಿಗಳು ಕಾಡಿನಿಂದ ಎದ್ದವು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಹಕ್ಕುಪತ್ರಕ್ಕೆ ಅರ್ಜಿ ಹಿಡಿದು ಓಡಾಡೋರು ನಮ್ಮ ಕೋಟೆ ತಾಲ್ಲೂಕಲ್ಲಿ ಇನ್ನೂ ಇದ್ದಾರೆ. ಸ್ವಾಲ್‌ಬಾರ್ಡ್‌ನಲ್ಲಿ ಈಗ ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು ಅನ್ನೋ ನಿಯಮ ಪ್ರವಾಸಿಗರಿಗೆ. ನಮ್ಮಲ್ಲಿ ದೂರ ಹೋಗಿ ಅನ್ನಿಸಿಕೊಂಡವರು ಪ್ರವಾಸಿಗರಲ್ಲ.

1971ರಲ್ಲಿ ಹದಿನೈದು ವರ್ಷದ ಹುಡುಗರಾಗಿ ಖೆಡ್ಡಾ ನೋಡಿದವರಿಗೆ ಈಗ ಎಪ್ಪತ್ತು ತುಂಬಿರುತ್ತೆ. ನಿಮ್ಮ ಮನೇಲಿ, ಪಕ್ಕದ ಹಾಡೀಲಿ ಅಂಥವರಿದ್ರೆ ಹೋಗಿ ಮಾತಾಡಿಸಿ, ಅವರು ಒಪ್ಪಿದ್ರೆ ಫೋನಲ್ಲಿ ರೆಕಾರ್ಡ್ ಮಾಡಿ. ಸ್ವಾಲ್‌ಬಾರ್ಡ್‌ಗೆ ಆಮೇಲೆ ಹೋಗಣ ಅಂತ ತಮ್ಮನಿಗೆ ಹೇಳಿದೀನಿ. ಮೊದಲು ಅಂತರಸಂತೆ ಬಸ್ಸು.